ಗ್ರಾಫೀನ್ ಜೋಸೆಫ್ಸನ್ ಜಂಕ್ಷನ್ ಥರ್ಮಾಮೀಟರ್: ವಿನ್ಯಾಸದಿಂದ ಕ್ಯಾಲಿಬ್ರೇಷನ್‌ವರೆಗೆ ಸಮಗ್ರ ಮಾರ್ಗದರ್ಶಿ

ಪರಮಶೂನ್ಯದ ಹತ್ತಿರಕ್ಕೆ ತಂಪಾಗಿಸುವ ಯಂತ್ರವಾದ ಡೈಲ್ಯೂಷನ್ ಫ್ರಿಜ್‌ನ ಪರದೆ 12 ಮಿಲಿಕೆಲ್ವಿನ್ ಎಂದು ತೋರಿಸುತ್ತದೆ. ಅದು ತಾಮ್ರದ ತಟ್ಟೆಯ ತಾಪಮಾನ. ಅದೇ ತಟ್ಟೆಗೆ ಕೂರಿಸಿದ ಚಿಪ್‌ನ ಒಳಗೆ ಓಡಾಡುವ ಎಲೆಕ್ಟ್ರಾನ್‌ಗಳು 60 ಮಿಲಿಕೆಲ್ವಿನ್‌ನಲ್ಲೋ 100ರಲ್ಲೋ ಇರಬಹುದು. ತಟ್ಟೆಯ ಥರ್ಮಾಮೀಟರ್‌ಗೆ ಅದು ಗೊತ್ತಾಗುವುದೇ ಇಲ್ಲ. ಇಷ್ಟು ತಣ್ಣಗಿರುವಾಗ ಎಲೆಕ್ಟ್ರಾನ್‌ಗಳಿಗೂ ಹರಳಿನ ಜಾಲರಿಗೂ ನಡುವಿನ ಸಂಪರ್ಕ ತೀರಾ ದುರ್ಬಲವಾಗಿರುತ್ತದೆ, ಎರಡೂ ಬೇರೆ ಬೇರೆ ತಾಪಮಾನದಲ್ಲಿ ಆರಾಮಾಗಿ ಉಳಿದುಬಿಡುತ್ತವೆ.

ಹಾಗಾಗಿ ಎಲೆಕ್ಟ್ರಾನ್‌ಗಳ ತಾಪಮಾನವನ್ನು ನೇರವಾಗಿ ಓದುವ ಸಾಧನ ಬೇಕು. ಎರಡು ಸೂಪರ್‌ಕಂಡಕ್ಟರ್‌ಗಳ ನಡುವೆ ಗ್ರಾಫೀನ್ ಹಾಳೆ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಇಟ್ಟು ಮಾಡಿದ ಜೋಸೆಫ್ಸನ್ ಜಂಕ್ಷನ್ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಅದನ್ನು ವಿನ್ಯಾಸ ಮಾಡಿ, ಕಟ್ಟಿ, ತಂತಿ ಎಳೆದು, ಕ್ಯಾಲಿಬ್ರೇಟ್ ಮಾಡುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಎಂಎಸ್ಸಿ ಮಟ್ಟದ ಘನವಸ್ತು ಭೌತಶಾಸ್ತ್ರ ಓದಿರುವವರನ್ನು, ಕ್ರಯೋಸ್ಟಾಟ್ ಬಳಿ ಒಮ್ಮೆಯಾದರೂ ನಿಂತವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಮೊದಲಿಂದ ಕೊನೆಯವರೆಗೆ ನೆನಪಿಡಬೇಕಾದ ಮಾತು ಒಂದೇ. ಈ ಥರ್ಮಾಮೀಟರ್ ಓದುವುದು ತನ್ನ ಸ್ವಂತ ಎಲೆಕ್ಟ್ರಾನ್‌ಗಳ ತಾಪಮಾನವನ್ನು. ಆ ಎಲೆಕ್ಟ್ರಾನ್‌ಗಳು ಯಾರ ಜೊತೆ ಶಾಖ ಹಂಚಿಕೊಳ್ಳಬೇಕು, ಯಾರ ಜೊತೆ ಹಂಚಿಕೊಳ್ಳಬಾರದು ಎಂದು ನಿರ್ಧರಿಸುವುದೇ ನಿಮ್ಮ ಕೆಲಸದ ಮುಕ್ಕಾಲು ಪಾಲು.

ಗ್ರಾಫೀನ್ ಯಾಕೆ?

ಉದ್ಧರಣೆಯಲ್ಲಿರುವ ನೀರಿನ ಬಿಸಿ ಅಳೆಯಲು ದೊಡ್ಡ ಥರ್ಮಾಮೀಟರ್ ಅದ್ದಿದರೆ ನೀರು ಥರ್ಮಾಮೀಟರ್‌ನ ತಾಪಮಾನಕ್ಕೇ ಬಂದುಬಿಡುತ್ತದೆ. ಅಳೆಯುವ ಸಾಧನದ ಶಾಖಧಾರಣೆ ಅಳೆಯುವ ವಸ್ತುವಿನದಕ್ಕಿಂತ ತುಂಬಾ ಕಡಿಮೆ ಇರಬೇಕು. ಗ್ರಾಫೀನ್‌ನ ಎಲೆಕ್ಟ್ರಾನ್‌ಗಳ ಶಾಖಧಾರಣೆ ನಂಬಲಾಗದಷ್ಟು ಕಡಿಮೆ.

ಲೆಕ್ಕ ಹಾಕಿ ನೋಡೋಣ. ಒಂದು ಚದರ ಸೆಂಟಿಮೀಟರ್‌ಗೆ 10¹² ಎಲೆಕ್ಟ್ರಾನ್ ಸಾಂದ್ರತೆ ಎಂದಿಟ್ಟುಕೊಳ್ಳಿ. ಆಗ ಫರ್ಮಿ ಶಕ್ತಿ ಸುಮಾರು 0.12 ಎಲೆಕ್ಟ್ರಾನ್‌ವೋಲ್ಟ್. 1 ಚದರ ಮೈಕ್ರಾನ್ ಹಾಳೆಯ ಶಾಖಧಾರಣೆ 100 ಮಿಲಿಕೆಲ್ವಿನ್‌ನಲ್ಲಿ ಸುಮಾರು 7 × 10⁻²³ ಜೂಲ್ ಪ್ರತಿ ಕೆಲ್ವಿನ್. ಅಂದರೆ ಬೋಲ್ಟ್ಸ್‌ಮನ್ ಸ್ಥಿರಾಂಕದ ಐದು ಪಟ್ಟು, ಅಷ್ಟೇ! ತಾಪಮಾನ ಇಳಿದಂತೆ ಇದು ನೇರ ಅನುಪಾತದಲ್ಲಿ ಇನ್ನೂ ಇಳಿಯುತ್ತದೆ.

ಇದರ ಪರಿಣಾಮ ಎಷ್ಟು ತೀವ್ರ ನೋಡಿ. 10 ಚದರ ಮೈಕ್ರಾನ್ ಹಾಳೆ 50 ಮಿಲಿಕೆಲ್ವಿನ್‌ನಲ್ಲಿದೆ. ಅದರ ಮೇಲೆ 100 ಗಿಗಾಹರ್ಟ್ಸ್‌ನ ಒಂದೇ ಒಂದು ಫೋಟಾನ್ ಬಿತ್ತು. ಶಕ್ತಿಯೆಲ್ಲ ಎಲೆಕ್ಟ್ರಾನ್‌ಗಳಿಗೇ ಹೋದರೆ ಅವು ಕ್ಷಣಮಾತ್ರಕ್ಕೆ ಸುಮಾರು 150 ಮಿಲಿಕೆಲ್ವಿನ್ ಮುಟ್ಟುತ್ತವೆ. ಈ ಸೂಕ್ಷ್ಮತೆಯ ಬಲದಿಂದಲೇ 2020ರಲ್ಲಿ ಎರಡು ಗ್ರಾಫೀನ್ ಬೋಲೋಮೀಟರ್‌ಗಳು (ಬಿದ್ದ ವಿಕಿರಣದ ಶಕ್ತಿಯನ್ನು ಬಿಸಿಯಿಂದ ಅಳೆಯುವ ಸಾಧನಗಳು) ಸುದ್ದಿ ಮಾಡಿದವು. ಒಂದು ಅಮೆರಿಕದ ರೇಥಿಯಾನ್ ಬಿಬಿಎನ್, ಹಾರ್ವರ್ಡ್, ಎಂಐಟಿ ಮತ್ತು ಜೊತೆಗಾರರದು. ಅದು 0.19 ಕೆಲ್ವಿನ್‌ನಲ್ಲಿ ಪ್ರತಿ ರೂಟ್ ಹರ್ಟ್ಸ್‌ಗೆ 7 × 10⁻¹⁹ ವ್ಯಾಟ್‌ನ ಶಬ್ದಮಟ್ಟ (ನಾಯ್ಸ್, ಅಂದರೆ ಸಂಕೇತದ ಗದ್ದಲದ ಮಟ್ಟ) ಮುಟ್ಟಿತು. ಇನ್ನೊಂದು ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ್ದು, ಪ್ರತಿ ರೂಟ್ ಹರ್ಟ್ಸ್‌ಗೆ 30 ಜೆಪ್ಟೋವ್ಯಾಟ್‌ಗೆ ಇಳಿಯಿತು. ಜೆಪ್ಟೋ ಎಂದರೆ 10⁻²¹.

ನಮ್ಮಲ್ಲೂ ಈ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಗ್ರಾಫೀನ್‌ನ ಕ್ವಾಂಟಂ ಹಾಲ್ ಸ್ಥಿತಿಯಲ್ಲಿ ಶಾಖವಾಹಕತೆ ನಿಗದಿತ ತುಣುಕುಗಳಲ್ಲೇ ಬರುತ್ತದೆ ಎಂದು ಅಳೆದು 2019ರಲ್ಲಿ ಪ್ರಕಟಿಸಿತು. ಅವರು ಬಳಸಿದ್ದು ಜೋಸೆಫ್ಸನ್ ಜಂಕ್ಷನ್ ದಾರಿಯನ್ನಲ್ಲ, ವಿದ್ಯುತ್ ಶಬ್ದದಿಂದ ತಾಪಮಾನ ಓದುವ ದಾರಿಯನ್ನು. ಆದರೂ ಎಲೆಕ್ಟ್ರಾನ್ ತಾಪಮಾನ ಅಳೆಯುವ ಎಚ್ಚರಗಳೆಲ್ಲ ಎರಡಕ್ಕೂ ಒಂದೇ.

ಜಂಕ್ಷನ್ ಹೇಗೆ ಥರ್ಮಾಮೀಟರ್ ಆಗುತ್ತದೆ?

ಸೂಪರ್‌ಕಂಡಕ್ಟರ್‌ನ ಜೋಡಿ ಎಲೆಕ್ಟ್ರಾನ್‌ಗಳ ಪ್ರಭಾವ ಪಕ್ಕದ ಗ್ರಾಫೀನ್‌ಗೂ ಸ್ವಲ್ಪ ದೂರ ಹರಡುತ್ತದೆ. ಆ ಕಡೆಯಿಂದ ಈ ಕಡೆಯಿಂದ ಹರಡಿದ್ದು ನಡುವೆ ಕೂಡಿಕೊಂಡರೆ ವೋಲ್ಟೇಜ್ ಇಲ್ಲದೆಯೇ ಕರೆಂಟ್ ಹರಿಯುತ್ತದೆ. ಗ್ರಾಫೀನ್‌ನಲ್ಲಿ ಇದನ್ನು 2007ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಂಡ ತೋರಿಸಿತು. ಈ ಸೂಪರ್‌ಕರೆಂಟ್‌ಗೆ ಒಂದು ಮೇಲ್ಮಿತಿ ಇದೆ. ಅದನ್ನು ದಾಟಿದ ತಕ್ಷಣ ವೋಲ್ಟೇಜ್ ಹುಟ್ಟುತ್ತದೆ. ಗ್ರಾಫೀನ್‌ನ ಎಲೆಕ್ಟ್ರಾನ್‌ಗಳು ಬಿಸಿಯಾದಷ್ಟೂ ಈ ಮಿತಿ ಕುಸಿಯುತ್ತದೆ. ನಾವು ಅಳೆಯುವುದು ಆ ಮಿತಿಯನ್ನು.

ಇನ್ನೊಂದು ಅನುಕೂಲ ಉಂಟು. ಸೂಪರ್‌ಕಂಡಕ್ಟರ್ ಕರೆಂಟನ್ನು ಬಿಡುತ್ತದೆ, ಆದರೆ ಶಾಖವನ್ನು ಬಿಡುವುದಿಲ್ಲ. ಒಂಟಿ ಎಲೆಕ್ಟ್ರಾನ್ ಒಳಗಿರಲು ಬೇಕಾದ ಕನಿಷ್ಠ ಶಕ್ತಿಗೆ ಗ್ಯಾಪ್ ಎನ್ನುತ್ತಾರೆ. ಅದಕ್ಕಿಂತ ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಒಳಗೆ ನುಗ್ಗಲು ಹೋದರೆ ಆಂಡ್ರೀವ್ ಪ್ರತಿಫಲನವಾಗಿ ಶಾಖ ವಾಪಸ್ ಬರುತ್ತದೆ. ಅಲ್ಯೂಮಿನಿಯಂನ ಗ್ಯಾಪ್ ಸುಮಾರು 2 ಕೆಲ್ವಿನ್‌ಗೆ ಸಮ. 100 ಮಿಲಿಕೆಲ್ವಿನ್‌ನಲ್ಲಿ ಅದನ್ನು ದಾಟುವ ಎಲೆಕ್ಟ್ರಾನ್‌ಗಳು ಇಲ್ಲವೆಂದೇ ಹೇಳಬಹುದು. ತಂತಿ ಜೋಡಿಸಿಯೂ ಶಾಖದ ಬಾಗಿಲು ಮುಚ್ಚಿರುತ್ತದೆ!

ಹಂತ 1: ಕ್ಲೀನ್‌ರೂಮ್‌ಗೆ ಹೋಗುವ ಮೊದಲು ಕಾಗದದ ಮೇಲೆ ಲೆಕ್ಕ

ನಾಲ್ಕು ತೀರ್ಮಾನಗಳನ್ನು ಇಲ್ಲೇ ತೆಗೆದುಕೊಳ್ಳಬೇಕು. ಚಿಪ್ ಮಾಡಿದ ಮೇಲೆ ಇವನ್ನು ಬದಲಿಸಲು ಆಗುವುದಿಲ್ಲ.

*ಉದ್ದ.* ಜಂಕ್ಷನ್‌ನ ಉದ್ದ ಅಂದರೆ ಎರಡು ಸೂಪರ್‌ಕಂಡಕ್ಟರ್‌ಗಳ ನಡುವಿನ ಅಂತರ. ಇದು ಯಾವ ತಾಪಮಾನದಲ್ಲಿ ಥರ್ಮಾಮೀಟರ್ ಚುರುಕಾಗಿರುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಸ್ವಚ್ಛ ಗ್ರಾಫೀನ್‌ನಲ್ಲಿ ಎಲೆಕ್ಟ್ರಾನ್ ಎಲ್ಲೂ ಡಿಕ್ಕಿ ಹೊಡೆಯದೆ ದಾಟುತ್ತದೆ. ಆಗ ಮುಖ್ಯವಾದ ತಾಪಮಾನ ಮಾಪಕ 1 ಮೈಕ್ರಾನ್ ಉದ್ದಕ್ಕೆ ಸುಮಾರು 1.2 ಕೆಲ್ವಿನ್, 2 ಮೈಕ್ರಾನ್‌ಗೆ 0.6 ಕೆಲ್ವಿನ್. ಇದಕ್ಕಿಂತ ತುಂಬಾ ಕೆಳಗೆ ಹೋದರೆ ಸೂಪರ್‌ಕರೆಂಟ್ ಬದಲಾಗುವುದನ್ನೇ ನಿಲ್ಲಿಸುತ್ತದೆ. ಅಂದರೆ ಥರ್ಮಾಮೀಟರ್ ಕುರುಡಾಗುತ್ತದೆ.

ಇಲ್ಲಿ ಹೊಸಬರಿಗೆ ಅಚ್ಚರಿಯಾಗುವ ಸಂಗತಿ ಇದೆ. ಸ್ವಲ್ಪ ಕಲ್ಮಶ ಇರುವ ಗ್ರಾಫೀನ್ ಕೆಲವು ಸಲ ಹೆಚ್ಚು ಒಳ್ಳೆಯ ಥರ್ಮಾಮೀಟರ್! ಸಿಲಿಕಾನ್ ಡೈಆಕ್ಸೈಡ್ ಮೇಲೆ ನೇರವಾಗಿ ಕೂತ ಗ್ರಾಫೀನ್‌ನಲ್ಲಿ ಎಲೆಕ್ಟ್ರಾನ್ ಸುಮಾರು 50 ನ್ಯಾನೋಮೀಟರ್‌ಗೊಮ್ಮೆ ಡಿಕ್ಕಿ ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. ಆಗ 1 ಮೈಕ್ರಾನ್ ಜಂಕ್ಷನ್‌ನ ಈ ತಾಪಮಾನ ಮಾಪಕ (ಇದಕ್ಕೆ ಥೌಲೆಸ್ ಶಕ್ತಿ ಎನ್ನುತ್ತಾರೆ) 0.2 ಕೆಲ್ವಿನ್‌ಗೆ ಹತ್ತಿರ ಇಳಿಯುತ್ತದೆ. 100 ಮಿಲಿಕೆಲ್ವಿನ್ ಸುತ್ತಮುತ್ತ ಚುರುಕಾಗಿ ಬದಲಾಗುವುದು ಇದೇ. ಸ್ವಚ್ಛ ಹಾಳೆಯೇ ಬೇಕೆಂದರೆ ಉದ್ದ ಹೆಚ್ಚಿಸಿ. ನನ್ನ ಸಲಹೆ: ಒಂದೇ ಹಾಳೆಯ ಮೇಲೆ 0.5, 1, 2 ಮೈಕ್ರಾನ್ ಎಂದು ಮೂರು ಉದ್ದ ಮಾಡಿ. ಮುಂದೆ ಕ್ಯಾಲಿಬ್ರೇಷನ್ ಹೊತ್ತಿಗೆ ಈ ಮೂರೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ.

*ಕರೆಂಟ್.* ಉದ್ದ ಹೆಚ್ಚಿಸಿದಷ್ಟೂ ಸೂಪರ್‌ಕರೆಂಟ್ ಬಡವಾಗುತ್ತದೆ. ಅದಕ್ಕೊಂದು ಕೆಳಮಿತಿ ಇದೆ. ಜೋಸೆಫ್ಸನ್ ಶಕ್ತಿಯನ್ನು ತಾಪಮಾನದಲ್ಲಿ ಹೇಳಿದರೆ ಪ್ರತಿ ನ್ಯಾನೋಆಂಪ್‌ಗೆ ಸುಮಾರು 24 ಮಿಲಿಕೆಲ್ವಿನ್. 1 ನ್ಯಾನೋಆಂಪ್ ಜಂಕ್ಷನ್ ಅನ್ನು 50 ಮಿಲಿಕೆಲ್ವಿನ್‌ನಲ್ಲಿ ಓದಲು ಹೋದರೆ ಉಷ್ಣದ ಗದ್ದಲವೇ ಅದನ್ನು ಅಳಿಸಿಬಿಡುತ್ತದೆ. 100 ನ್ಯಾನೋಆಂಪ್ ಇದ್ದರೆ 2.4 ಕೆಲ್ವಿನ್ ಸಿಗುತ್ತದೆ, ಸಾಕಷ್ಟು ಭದ್ರ. ಅಗಲ ಹೆಚ್ಚಿಸಿ ಕರೆಂಟ್ ಹೆಚ್ಚಿಸಬಹುದು. ಪುಸ್ತಕದ ಸೂತ್ರ ಹೇಳುವುದಕ್ಕಿಂತ ನಿಜವಾದ ಕರೆಂಟ್ ಕಡಿಮೆಯೇ ಬರುತ್ತದೆ, ಹಾಗಾಗಿ ಸ್ವಲ್ಪ ಧಾರಾಳವಾಗಿ ಇಟ್ಟುಕೊಳ್ಳಿ.

*ವಿಸ್ತೀರ್ಣ.* ಚಿಕ್ಕದಿದ್ದಷ್ಟೂ ಒಳ್ಳೆಯದು ಎಂದು ಅನಿಸುತ್ತದೆ, ಅಲ್ವಾ? ಫೋಟಾನ್ ಹಿಡಿಯಲು ಹೌದು. ನಿಧಾನವಾಗಿ ಬದಲಾಗುವ ತಾಪಮಾನ ಅಳೆಯಲು ಹಾಗಲ್ಲ. ಶಾಖಧಾರಣೆ ಬೋಲ್ಟ್ಸ್‌ಮನ್ ಸ್ಥಿರಾಂಕದ ಐದು ಪಟ್ಟು ಮಾತ್ರ ಇದ್ದಾಗ ತಾಪಮಾನ ತಾನೇ ತಾನಾಗಿ ಏರಿಳಿಯುತ್ತದೆ. 100 ಮಿಲಿಕೆಲ್ವಿನ್‌ನಲ್ಲಿ 1 ಚದರ ಮೈಕ್ರಾನ್‌ಗೆ ಈ ಏರಿಳಿತ 45 ಮಿಲಿಕೆಲ್ವಿನ್! 10 ಚದರ ಮೈಕ್ರಾನ್‌ಗೆ 14. ಇದು ಯಾವ ಫಿಲ್ಟರ್‌ನಿಂದಲೂ ಹೋಗದು, ಪ್ರಕೃತಿಯ ನಿಯಮ. ಸರಾಸರಿ ತೆಗೆದರೆ ಮಾತ್ರ ಕಡಿಮೆಯಾಗುತ್ತದೆ. 10ರಿಂದ 50 ಚದರ ಮೈಕ್ರಾನ್ ಒಳ್ಳೆಯ ಆರಂಭ.

*ಚಿನ್ನದ ಕಾಲು ಬೇಕೇ, ಬೇಡವೇ?* ನಾಲ್ಕರಲ್ಲಿ ಅತಿ ಮುಖ್ಯ ಇದು. ಬರೀ ಸೂಪರ್‌ಕಂಡಕ್ಟರ್ ಕಾಂಟ್ಯಾಕ್ಟ್ ಇದ್ದರೆ ಎಲೆಕ್ಟ್ರಾನ್‌ಗಳು ತಣ್ಣಗಾಗಲು ಇರುವ ದಾರಿ ಮುಖ್ಯವಾಗಿ ಜಾಲರಿಯ ಕಂಪನಗಳು, ಅಂದರೆ ಫೋನಾನ್‌ಗಳು. ಆ ದಾರಿ ತಾಪಮಾನದ 4ನೇ ಘಾತದಂತೆ ಸೊರಗುತ್ತದೆ. ಕಲ್ಮಶ ಜಾಸ್ತಿಯಿದ್ದರೆ 3ನೇ ಘಾತ. ಪ್ರತಿ ಚದರ ಮೀಟರ್‌ಗೆ, ಕೆಲ್ವಿನ್‌ನ 4ನೇ ಘಾತಕ್ಕೆ 10 ಮಿಲಿವ್ಯಾಟ್ ಎಂಬ ಅಂದಾಜು ಹಿಡಿಯೋಣ. 10 ಚದರ ಮೈಕ್ರಾನ್ ಹಾಳೆಗೆ 100 ಮಿಲಿಕೆಲ್ವಿನ್‌ನಲ್ಲಿ ಶಾಖವಾಹಕತೆ ಪ್ರತಿ ಕೆಲ್ವಿನ್‌ಗೆ 0.4 ಫೆಮ್ಟೋವ್ಯಾಟ್ ಮಾತ್ರ. ಹೊರಗಿನಿಂದ 1 ಫೆಮ್ಟೋವ್ಯಾಟ್ ಸೋರಿದರೂ ಎಲೆಕ್ಟ್ರಾನ್‌ಗಳು 300 ಮಿಲಿಕೆಲ್ವಿನ್ ದಾಟುತ್ತವೆ. 1 ಆಟೋವ್ಯಾಟ್ ಸೋರಿದರೂ 56ಕ್ಕೆ ಏರುತ್ತವೆ.

ಬೋಲೋಮೀಟರ್ ಮಾಡುವವರಿಗೆ ಇದು ವರ. ಆದರೆ ತಟ್ಟೆಯ ಅಥವಾ ಪಕ್ಕದ ಸಾಧನದ ತಾಪಮಾನ ಓದಬೇಕೆಂದರೆ ಇದು ದೊಡ್ಡ ತೊಡಕು. ಅದಕ್ಕೆ ಜಂಕ್ಷನ್‌ನಿಂದ ಒಂದೆರಡು ಮೈಕ್ರಾನ್ ಆಚೆ ಅದೇ ಹಾಳೆಗೆ ಚಿನ್ನದ ಸಾಮಾನ್ಯ ಲೋಹದ ಕಾಂಟ್ಯಾಕ್ಟ್ ಹಾಕಿ. 1 ಕಿಲೋಓಮ್ ರೋಧದ ದಾರಿಯಾದರೂ ವಿದ್ಯುತ್ ರೋಧದಿಂದ ಶಾಖವಾಹಕತೆ ಹೇಳುವ ವೀಡೆಮನ್-ಫ್ರಾಂಜ್ ನಿಯಮದಂತೆ 100 ಮಿಲಿಕೆಲ್ವಿನ್‌ನಲ್ಲಿ 2.4 ಪಿಕೋವ್ಯಾಟ್ ಪ್ರತಿ ಕೆಲ್ವಿನ್ ಸಿಗುತ್ತದೆ. ಫೋನಾನ್ ದಾರಿಗಿಂತ ಸುಮಾರು 6,000 ಪಟ್ಟು ಹೆಚ್ಚು. ಈಗ ಅದೇ 1 ಫೆಮ್ಟೋವ್ಯಾಟ್ ಸೋರಿಕೆ ಎಬ್ಬಿಸುವುದು 0.4 ಮಿಲಿಕೆಲ್ವಿನ್ ಮಾತ್ರ. ಥರ್ಮಾಮೀಟರ್ ಬೇಕಾದರೆ ಚಿನ್ನದ ಕಾಲು ಹಾಕಿ. ಬೋಲೋಮೀಟರ್ ಬೇಕಾದರೆ ಹಾಕಬೇಡಿ. ಎರಡೂ ಒಂದೇ ಚಿಪ್‌ನಲ್ಲಿ ಆಗಲಿ ಎಂದು ಆಸೆಪಟ್ಟರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಹಂತ 2: ಹಾಳೆ ತೆಗೆಯುವುದು, ಪದರ ಜೋಡಿಸುವುದು

ಟೇಪ್‌ನಿಂದ ಗ್ರಾಫೈಟ್ ಸುಲಿಯುವ ವಿಧಾನ 2004ರಲ್ಲಿ ಮ್ಯಾಂಚೆಸ್ಟರ್‌ನಿಂದ ಬಂದದ್ದು, ಇಂದಿಗೂ ಅದೇ ಅತ್ಯುತ್ತಮ. ಸುಮಾರು 285 ನ್ಯಾನೋಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಮೇಲೆ ಒತ್ತಿ. ಆ ದಪ್ಪದಲ್ಲಿ ಒಂಟಿ ಪದರ ಸಾಮಾನ್ಯ ಮೈಕ್ರೋಸ್ಕೋಪ್‌ನಲ್ಲೇ ಕಾಣುತ್ತದೆ. ರಾಮನ್ ಸ್ಪೆಕ್ಟ್ರಂ ತೆಗೆದು ಖಚಿತಪಡಿಸಿಕೊಳ್ಳಿ. 2700 cm⁻¹ ಹತ್ತಿರದ ಶಿಖರ ಒಂದೇ ಚೂಪಾದ ಆಕಾರದಲ್ಲಿರಬೇಕು, 1580ರದ್ದಕ್ಕಿಂತ ಎತ್ತರ ಇರಬೇಕು.

ಸ್ವಚ್ಛ ಜಂಕ್ಷನ್ ಬೇಕೆಂದರೆ ಹಾಳೆಯನ್ನು ಎರಡು ಬೋರಾನ್ ನೈಟ್ರೈಡ್ ಪದರಗಳ ನಡುವೆ ಇಡಬೇಕು. 20ರಿಂದ 40 ನ್ಯಾನೋಮೀಟರ್ ದಪ್ಪ ಸಾಕು. ಜಗತ್ತಿನ ಬಹುಪಾಲು ಲ್ಯಾಬ್‌ಗಳಿಗೆ ಒಳ್ಳೆಯ ಹರಳು ಬರುವುದು ಜಪಾನಿನ ಎನ್‌ಐಎಂಎಸ್ ಎಂಬ ಸಂಶೋಧನಾ ಸಂಸ್ಥೆಯಿಂದ. ಪಾಲಿಕಾರ್ಬೊನೇಟ್ ಪೊರೆಯ ಸ್ಟಾಂಪ್‌ನಿಂದ ಮೇಲಿನ ಪದರ ಎತ್ತಿ, ಅದರಿಂದ ಗ್ರಾಫೀನ್ ಎತ್ತಿ, ಕೊನೆಗೆ ಕೆಳಗಿನ ಪದರದ ಮೇಲೆ ಇಳಿಸಿ. ಇಳಿಸುವಾಗ 110 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಲಿ, ಕೈ ನಿಧಾನವಾಗಲಿ. ಗುಳ್ಳೆಗಳು ಅಂಚಿಗೆ ಸರಿದುಹೋಗಲು ಸಮಯ ಬೇಕು. 180 ಡಿಗ್ರಿಯಲ್ಲಿ ಪೊರೆ ಬಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಫ್ಯೂಮ್ ಹುಡ್ ಒಳಗೆ ಮಾತ್ರ. ಗುಳ್ಳೆಯಿಲ್ಲದ ಜಾಗವನ್ನು ಗುರುತುಮಾಡಿಕೊಂಡು ಅಲ್ಲೇ ಜಂಕ್ಷನ್ ಬರೆಯಿರಿ.

ಕ್ಲೀನ್‌ರೂಮ್ ಇಲ್ಲದ ಕಾಲೇಜಿನವರು ಇಲ್ಲಿಗೇ ಕೈಬಿಡಬೇಕಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೆ ತರಬೇತಿ ಮತ್ತು ಉಪಕರಣ ಬಳಕೆಗೆ ಅವಕಾಶ ಕೊಡುವ ಐಎನ್‌ಯುಪಿ ಎಂಬ ಸರ್ಕಾರಿ ಯೋಜನೆ ನಡೆದುಬಂದಿದೆ.

ಹಂತ 3: ಅಂಚಿನ ಕಾಂಟ್ಯಾಕ್ಟ್

ಮುಚ್ಚಿದ ಹಾಳೆಗೆ ಮೇಲಿನಿಂದ ಲೋಹ ಮುಟ್ಟಿಸಲು ಆಗುವುದಿಲ್ಲ. 2013ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ತೋರಿಸಿದ ಉಪಾಯ ಎಂದರೆ ಮೂರೂ ಪದರವನ್ನು ಕೊರೆದು, ಬೆತ್ತಲಾದ ಒಂದು ಪರಮಾಣು ದಪ್ಪದ ಅಂಚಿಗೆ ಲೋಹ ಕೂರಿಸುವುದು. ಎಲೆಕ್ಟ್ರಾನ್ ಕಿರಣದಿಂದ ಮಾದರಿ ಬರೆದು, ಫ್ಲೋರೋಫಾರ್ಮ್ ಮತ್ತು ಆಮ್ಲಜನಕದ ಪ್ಲಾಸ್ಮಾದಲ್ಲಿ ಕೊರೆಯಿರಿ. ಕೊರೆದ ಮೇಲೆ ತಡ ಮಾಡಬೇಡಿ, ನೇರ ನಿರ್ವಾತ ಕೋಣೆಗೆ ಹೋಗಲಿ.

ಯಾವ ಲೋಹ? 1 ಕೆಲ್ವಿನ್‌ಗಿಂತ ಕೆಳಗೆ ಮಾತ್ರ ಕೆಲಸವಿದ್ದರೆ ತೆಳು ಟೈಟಾನಿಯಂ ಮೇಲೆ ಅಲ್ಯೂಮಿನಿಯಂ. ಸುಲಭ, ನಂಬಿಕಸ್ಥ. ಅದರ ಸೂಪರ್‌ಕಂಡಕ್ಟಿಂಗ್ ಮಿತಿ 1.2 ಕೆಲ್ವಿನ್ ಆದ್ದರಿಂದ 0.8 ಕೆಲ್ವಿನ್‌ವರೆಗೆ ಬಳಸಬಹುದು. ಕಾಂತಕ್ಷೇತ್ರದಲ್ಲಿ ಅಥವಾ ಹೆಚ್ಚು ತಾಪಮಾನದಲ್ಲಿ ಅಳೆಯಬೇಕಾದರೆ ಮಾಲಿಬ್ಡಿನಂ-ರೀನಿಯಂ ಮಿಶ್ರಲೋಹ ಸ್ಪಟರ್ ಮಾಡಿ. ಕಲ್ಮಶದ ದಾರಿ ಆರಿಸಿದ್ದರೆ ಇದ್ಯಾವುದೂ ಬೇಡ. ಆಕ್ಸೈಡ್ ಮೇಲಿನ ಬರಿ ಗ್ರಾಫೀನ್‌ಗೆ ಮೇಲಿನಿಂದಲೇ ಟೈಟಾನಿಯಂ-ಅಲ್ಯೂಮಿನಿಯಂ ಹಾಕಿದರಾಯಿತು, ಡೆಲ್ಫ್ಟ್‌ನವರು ಮಾಡಿದ್ದೂ ಅದನ್ನೇ. ಮೊದಲ ಸಾಧನಕ್ಕೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಒಂದು ಎಚ್ಚರ. ಈ ಜಂಕ್ಷನ್‌ಗಳು ಸ್ಥಿರ ವಿದ್ಯುತ್ತಿನ ಒಂದು ಕಿಡಿಗೆ ಸುಟ್ಟುಹೋಗುತ್ತವೆ. ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳಿ. ಚಿಪ್ ಫ್ರಿಜ್ ಸೇರುವವರೆಗೂ ಎಲ್ಲ ಪಿನ್‌ಗಳೂ ಒಂದಕ್ಕೊಂದು ಶಾರ್ಟ್ ಆಗಿರಲಿ.

ಹಂತ 4: ತಂತಿ, ಫಿಲ್ಟರ್, ಕತ್ತಲು

ಗ್ರಾಫೀನ್ ಬಗ್ಗೆ ಓದಿಕೊಂಡು ಬಂದವರು ಈ ಭಾಗವನ್ನು ಅವಸರದಲ್ಲಿ ದಾಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಧನ ಎಷ್ಟೇ ಚೆನ್ನಾಗಿರಲಿ, 1 ಆಟೋವ್ಯಾಟ್ ಸೋರಿಕೆಯ ಪರಿಣಾಮ ಏನೆಂದು ಮೇಲೆ ನೋಡಿದಿರಲ್ಲ.

ಶತ್ರುಗಳು ಎರಡು. ಒಂದು, ಕೋಣೆಯ ತಾಪಮಾನದ ಶಬ್ದ ತಂತಿಯ ಜೊತೆ ಇಳಿದು ಬರುವುದು. ಇನ್ನೊಂದು, ಫ್ರಿಜ್‌ನ ಬೆಚ್ಚಗಿನ ಗೋಡೆಗಳಿಂದ ಬರುವ ವಿಕಿರಣ. 4 ಕೆಲ್ವಿನ್ ಗೋಡೆ ಸೂಸುವ ಬೆಳಕಿನ ತುದಿ ಸುಮಾರು 235 ಗಿಗಾಹರ್ಟ್ಸ್‌ನಲ್ಲಿದೆ. 88 ಗಿಗಾಹರ್ಟ್ಸ್‌ಗಿಂತ ಮೇಲಿನ ಯಾವುದೇ ಫೋಟಾನ್ ಅಲ್ಯೂಮಿನಿಯಂನ ಜೋಡಿಗಳನ್ನು ಒಡೆಯಬಲ್ಲದು. ನಮ್ಮ ಕಣ್ಣಿಗೆ ಕಗ್ಗತ್ತಲೆ, ಆದರೆ ಗ್ರಾಫೀನ್‌ಗೆ ಅದು ಮಧ್ಯಾಹ್ನದ ಬಿಸಿಲು.

ನಿಧಾನದ ಅಳತೆಯ ತಂತಿಗಳಿಗೆ ಹುರಿಹಾಕಿದ ಜೋಡಿ ತಂತಿ ಬಳಸಿ, ಪ್ರತಿ ಹಂತದಲ್ಲೂ ತಾಮ್ರಕ್ಕೆ ಸುತ್ತಿ ತಣ್ಣಗಾಗಿಸಿ. ತಟ್ಟೆಯ ಮೇಲೆ 10 ಕಿಲೋಹರ್ಟ್ಸ್ ಸುತ್ತಮುತ್ತ ಕಡಿಯುವ ರೆಸಿಸ್ಟರ್-ಕೆಪಾಸಿಟರ್ ಫಿಲ್ಟರ್ ಇರಲಿ. ಇದು ಮೆಗಾಹರ್ಟ್ಸ್‌ವರೆಗೆ ಕಾಪಾಡುತ್ತದೆ. ಗಿಗಾಹರ್ಟ್ಸ್‌ನಲ್ಲಿ ಸಣ್ಣ ಕೆಪಾಸಿಟರ್ ಕೆಪಾಸಿಟರ್‌ನಂತೆ ನಡೆದುಕೊಳ್ಳುವುದೇ ಇಲ್ಲ. ಅದಕ್ಕೆ ತಾಮ್ರದ ಪುಡಿಯ ಫಿಲ್ಟರ್ ಬೇಕು. ಉದ್ದನೆಯ ತಂತಿಯನ್ನು ಸುರುಳಿ ಸುತ್ತಿ, ತಾಮ್ರದ ಪುಡಿ ಬೆರೆಸಿದ ಎಪಾಕ್ಸಿಯೊಳಗೆ ಹೂತಿಡುವುದು. 1980ರ ದಶಕದಲ್ಲಿ ಬರ್ಕ್‌ಲಿಯಲ್ಲಿ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್ ತಮ್ಮ ಜೋಸೆಫ್ಸನ್ ಜಂಕ್ಷನ್ ಪ್ರಯೋಗಕ್ಕೆ ಇಂಥ ಫಿಲ್ಟರ್‌ಗಳನ್ನು ಬಳಸಿದ್ದರು. ಅದೇ ಪ್ರಯೋಗಕ್ಕೆ ಮೂವರಿಗೂ 2025ರ ಭೌತಶಾಸ್ತ್ರ ನೊಬೆಲ್ ಬಂತು. ಫಿಲ್ಟರ್ ಮಾಡುವ ಕೆಲಸ ಕೀಳೆಂದು ಯಾರಾದರೂ ಹೇಳಿದರೆ ಈ ಸಂಗತಿ ನೆನಪಿಸಿ.

ಮೈಕ್ರೋವೇವ್ ತಂತಿ ಇದ್ದರೆ ಅಟೆನ್ಯುಯೇಟರ್‌ಗಳನ್ನು ಹಂತಹಂತವಾಗಿ ಹಾಕಿ. 4 ಕೆಲ್ವಿನ್‌ನಲ್ಲಿ 20 ಡೆಸಿಬೆಲ್, ನಡುವೆ 20, ತಟ್ಟೆಯ ಮೇಲೆ 20. ಒಟ್ಟು 60 ಡೆಸಿಬೆಲ್ ಆದರೆ 300 ಕೆಲ್ವಿನ್‌ನ ಶಬ್ದ 0.3 ಮಿಲಿಕೆಲ್ವಿನ್‌ಗೆ ಇಳಿಯುತ್ತದೆ. ಎಲ್ಲವನ್ನೂ ಒಂದೇ ಕಡೆ ಹಾಕಿದರೆ ಈ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಪ್ರತಿ ಅಟೆನ್ಯುಯೇಟರ್ ತಾನು ಕೂತ ಜಾಗದ ತಾಪಮಾನದಲ್ಲಿ ತಾನೇ ಶಬ್ದ ಹೊರಡಿಸುತ್ತದೆ. ಇನ್ನೊಂದು ಸೂಕ್ಷ್ಮ: ತಂತಿಯ ಮೂಲಕ ಫೋಟಾನ್‌ಗಳೂ ಶಾಖ ಸಾಗಿಸುತ್ತವೆ. ರೋಧ ಹೊಂದಿಕೆಯಾದರೆ ಈ ದಾರಿ 100 ಮಿಲಿಕೆಲ್ವಿನ್‌ನಲ್ಲಿ 0.09 ಪಿಕೋವ್ಯಾಟ್ ಪ್ರತಿ ಕೆಲ್ವಿನ್ ಮುಟ್ಟಬಲ್ಲದು. ಚಿನ್ನದ ಕಾಲಿಲ್ಲದ ಸಾಧನದಲ್ಲಿ ಫೋನಾನ್ ದಾರಿಯನ್ನು ಇದು ಪೂರ್ತಿ ಮುಳುಗಿಸಿಬಿಡುತ್ತದೆ. ಆಗ ನಿಮ್ಮ ಗ್ರಾಫೀನ್ ಓದುವುದು ಅಟೆನ್ಯುಯೇಟರ್‌ನ ತಾಪಮಾನವನ್ನು!

ಚಿಪ್ ಬೆಳಕು ನುಸುಳದ ತಾಮ್ರದ ಪೆಟ್ಟಿಗೆಯಲ್ಲಿರಲಿ. ಮುಚ್ಚಳದ ಸಂದಿಗೆ ಇಂಡಿಯಂ ತಂತಿ ಒತ್ತಿ, ಒಳಗೋಡೆಗೆ ವಿಕಿರಣ ಹೀರುವ ಕಪ್ಪು ಎಪಾಕ್ಸಿ ಬಳಿಯಿರಿ. ಸ್ಕ್ರೂ ತೂತುಗಳನ್ನೂ ಮರೆಯಬೇಡಿ. ಗ್ರಾಫೀನ್‌ನ ಎಲೆಕ್ಟ್ರಾನ್ ಸಾಂದ್ರತೆ ಬದಲಿಸುವ ಗೇಟ್ ವೋಲ್ಟೇಜ್‌ಗೆ ಬೇರೆಯದೇ ಫಿಲ್ಟರ್ ಇರಲಿ.

ಹಂತ 5: ತಂಪಾಗಿಸಿದ ಮೇಲೆ ಮೊದಲ ಪರೀಕ್ಷೆ

ಮೊದಲು 2 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲಿಸಿ ಗೇಟ್ ತಿರುಗಿಸಿ. ರೋಧ ಎಲ್ಲಿ ಶಿಖರಕ್ಕೇರುತ್ತದೋ ಅದೇ ಡಿರಾಕ್ ಬಿಂದು. 300 ನ್ಯಾನೋಮೀಟರ್ ಆಕ್ಸೈಡ್‌ನಲ್ಲಿ ಗೇಟ್‌ನ ಪ್ರತಿ ವೋಲ್ಟ್‌ಗೆ ಚದರ ಸೆಂಟಿಮೀಟರ್‌ಗೆ ಸುಮಾರು 7 × 10¹⁰ ಎಲೆಕ್ಟ್ರಾನ್ ಸೇರುತ್ತವೆ. ಎಲೆಕ್ಟ್ರಾನ್ ಬದಿಯಲ್ಲಿ ಡಿರಾಕ್ ಬಿಂದುವಿನಿಂದ ಸಾಕಷ್ಟು ದೂರ ಹೋಗಿ ಅಲ್ಲೇ ನಿಲ್ಲಿ. ಡಿರಾಕ್ ಬಿಂದುವಿನ ಆಚೆಗಿನ ಹೋಲ್ ಬದಿಯಲ್ಲಿ ಕಾಂಟ್ಯಾಕ್ಟ್ ಬಳಿ ಗೋಡೆ ಎದ್ದು ಸೂಪರ್‌ಕರೆಂಟ್ ಕುಗ್ಗುತ್ತದೆ.

ಆಮೇಲೆ ಕೆಳಗಿಳಿದು ಸಣ್ಣ ಕಾಂತಕ್ಷೇತ್ರ ಹಾಯಿಸಿ. ಸೂಪರ್‌ಕರೆಂಟ್ ಏರಿ ಇಳಿದು ಫ್ರಾನ್‌ಹೋಫರ್ ಮಾದರಿ (ನಡುವೆ ಎತ್ತರದ ಶಿಖರ, ಅಕ್ಕಪಕ್ಕ ಚಿಕ್ಕ ಅಲೆಗಳು) ಬಿಡಿಸಬೇಕು. 1 × 5 ಮೈಕ್ರಾನ್ ಜಂಕ್ಷನ್‌ಗೆ ಒಂದು ಅಲೆಯ ಅಗಲ ಲೆಕ್ಕದಲ್ಲಿ 0.4 ಮಿಲಿಟೆಸ್ಲಾ. ಸೂಪರ್‌ಕಂಡಕ್ಟರ್ ಕ್ಷೇತ್ರವನ್ನು ನಡುವೆ ಒತ್ತುವುದರಿಂದ ನಿಜದಲ್ಲಿ ಇನ್ನೂ ಕಿರಿದು. ಮಾದರಿ ಸೊಟ್ಟಗಿದ್ದರೆ ಕರೆಂಟ್ ಎಲ್ಲೋ ಒಂದೇ ಕಡೆ ಹರಿಯುತ್ತಿದೆ ಎಂದರ್ಥ, ಬೇರೆ ಜಂಕ್ಷನ್ ನೋಡಿ. ಮಾದರಿಯ ನಡುವಿನ ಶಿಖರದಲ್ಲಿ ಕ್ಷೇತ್ರವನ್ನು ನಿಲ್ಲಿಸಿ. ಇಳಿಜಾರಿನ ಮೇಲೆ ನಿಂತರೆ ಸುತ್ತಲಿನ ಕಾಂತಕ್ಷೇತ್ರದ ಅಲುಗಾಟವೂ ತಾಪಮಾನದಂತೆ ಕಾಣುತ್ತದೆ.

ಹಂತ 6: ಸ್ವಿಚಿಂಗ್ ಹಿಸ್ಟೋಗ್ರಾಂ

ಕರೆಂಟನ್ನು ಸೊನ್ನೆಯಿಂದ ಏರಿಸಿ, ವೋಲ್ಟೇಜ್ ಹುಟ್ಟಿದ ಕ್ಷಣದ ಕರೆಂಟ್ ಬರೆದುಕೊಳ್ಳಿ. ತಕ್ಷಣ ಸೊನ್ನೆಗೆ ಇಳಿಸಿ. ಕಾಯಿರಿ. ಮತ್ತೆ ಏರಿಸಿ. 5 ಮಿಲಿಸೆಕೆಂಡ್‌ನಲ್ಲಿ 300 ನ್ಯಾನೋಆಂಪ್‌ಗೆ ಏರಿಕೆ, 5 ಮಿಲಿಸೆಕೆಂಡ್ ವಿರಾಮ ಎಂದಿಟ್ಟುಕೊಂಡರೆ ಸೆಕೆಂಡಿಗೆ 100 ಓದು ಸಿಗುತ್ತವೆ.

ವಿರಾಮ ಯಾಕೆ ಬೇಕು? 200 ನ್ಯಾನೋಆಂಪ್‌ನಲ್ಲಿ ಸ್ವಿಚ್ ಆದ 100 ಓಮ್ ಜಂಕ್ಷನ್ 4 ಪಿಕೋವ್ಯಾಟ್ ಶಾಖ ಉಗುಳುತ್ತದೆ. ಬರೀ ಫೋನಾನ್ ದಾರಿಯಿದ್ದರೆ ಅದು ಎಲೆಕ್ಟ್ರಾನ್‌ಗಳನ್ನು 1 ಕೆಲ್ವಿನ್‌ಗಿಂತ ತುಂಬಾ ಮೇಲಕ್ಕೆ ಒಯ್ಯುವಷ್ಟು ಶಾಖ. ಗ್ರಾಫೀನ್ ಮೈಕ್ರೋಸೆಕೆಂಡ್‌ಗಳಲ್ಲಿ ತಣ್ಣಗಾದರೂ ಅಲ್ಯೂಮಿನಿಯಂನಲ್ಲಿ ಒಡೆದ ಜೋಡಿಗಳು ಮತ್ತೆ ಕೂಡಿಕೊಳ್ಳಲು ಜಾಸ್ತಿ ಹೊತ್ತು ಬೇಕು. ವಿರಾಮವನ್ನು ದುಪ್ಪಟ್ಟು ಮಾಡಿ ನೋಡಿ. ಸರಾಸರಿ ಕರೆಂಟ್ ಮೇಲೇರಿದರೆ ಮೊದಲಿನ ವಿರಾಮ ಸಾಕಾಗಿರಲಿಲ್ಲ. ಬದಲಾಗದವರೆಗೂ ಹೆಚ್ಚಿಸುತ್ತಾ ಹೋಗಿ.

ಅದೇ ಜಂಕ್ಷನ್ ಪ್ರತಿ ಸಲ ಒಂದೇ ಕರೆಂಟ್‌ನಲ್ಲಿ ಸ್ವಿಚ್ ಆಗುವುದಿಲ್ಲ. ಒಂದು ಹರವು ಇರುತ್ತದೆ, ಅದನ್ನು ಚಿತ್ರಿಸಿದರೆ ಅದೇ ಹಿಸ್ಟೋಗ್ರಾಂ. ಉದಾಹರಣೆಗೆ ಹರವು 5 ನ್ಯಾನೋಆಂಪ್, ತಾಪಮಾನದ ಇಳಿಜಾರು ಮಿಲಿಕೆಲ್ವಿನ್‌ಗೆ 0.5 ನ್ಯಾನೋಆಂಪ್ ಎಂದು ಹಿಡಿದರೆ ಒಂದು ಓದಿನ ನಿಖರತೆ 10 ಮಿಲಿಕೆಲ್ವಿನ್. 10,000 ಓದಿನ ಸರಾಸರಿ ತೆಗೆದರೆ ಅದು 0.1 ಮಿಲಿಕೆಲ್ವಿನ್, ಅದಕ್ಕೆ 100 ಸೆಕೆಂಡ್ ಬೇಕು. ಸರಾಸರಿಯನ್ನು ಮಾತ್ರ ಉಳಿಸಿಕೊಂಡು ಹರವನ್ನು ಎಸೆಯಬೇಡಿ. ಅದು ಮುಂದಿನ ಹಂತದಲ್ಲಿ ಬೇಕು.

ಹಂತ 7: ಕ್ಯಾಲಿಬ್ರೇಷನ್

ತಟ್ಟೆಯ ಹೀಟರ್‌ನಿಂದ 20, 30, 50, 75, 100, 150, 200, 300 ಮಿಲಿಕೆಲ್ವಿನ್ ಎಂದು ಮೆಟ್ಟಿಲು ಹತ್ತಿ. ಪ್ರತಿ ಮೆಟ್ಟಿಲಲ್ಲೂ ಓದು ನಿಂತ ಮೇಲೆ ಹಿಸ್ಟೋಗ್ರಾಂ ತೆಗೆಯಿರಿ. ಆಮೇಲೆ ಇಳಿಯುತ್ತಲೂ ಅದನ್ನೇ ಮಾಡಿ. ಎರಡು ಗೆರೆ ಕೂಡದಿದ್ದರೆ ಕಾದದ್ದು ಸಾಲದು. ತಟ್ಟೆಯ ರುಥೇನಿಯಂ ಆಕ್ಸೈಡ್ ಥರ್ಮಾಮೀಟರ್ ಅನ್ನು ಕಡಿಮೆ ತಾಪಮಾನದಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಸಾಧ್ಯವಾದರೆ ಶಬ್ದ ಥರ್ಮಾಮೀಟರ್ ಅಥವಾ ಕೂಲಂಬ್ ಬ್ಲಾಕೇಡ್ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಹೋಲಿಸಿ.

ಈಗ ಮುಖ್ಯ ಪ್ರಶ್ನೆ. 60 ಮಿಲಿಕೆಲ್ವಿನ್‌ಗಿಂತ ಕೆಳಗೆ ಗೆರೆ ಚಪ್ಪಟೆಯಾಯಿತು ಎನ್ನಿ. ಕಾರಣ ಎರಡಿರಬಹುದು. ಜಂಕ್ಷನ್‌ನ ಸ್ವಭಾವವೇ ಅಲ್ಲಿ ಚಪ್ಪಟೆ ಇರಬಹುದು, ಇಲ್ಲವೇ ಎಲೆಕ್ಟ್ರಾನ್‌ಗಳು ತಣ್ಣಗಾಗುವುದನ್ನೇ ನಿಲ್ಲಿಸಿರಬಹುದು. ಕ್ಯಾಲಿಬ್ರೇಷನ್ ಗೆರೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬಿಡಿಸಿಕೊಳ್ಳುವ ದಾರಿ ಮೂರು.

ಮೊದಲನೆಯದು ಆ ಮೂರು ಉದ್ದದ ಜಂಕ್ಷನ್‌ಗಳು. ಸ್ವಭಾವದಿಂದ ಚಪ್ಪಟೆಯಾಗಿದ್ದರೆ ಚಿಕ್ಕದು ಮೊದಲೇ ಚಪ್ಪಟೆಯಾಗಬೇಕು, ಉದ್ದನೆಯದು ಇನ್ನೂ ಕೆಳಗಿನವರೆಗೆ ಬದಲಾಗುತ್ತಿರಬೇಕು. ಮೂರೂ ಒಂದೇ ತಾಪಮಾನದಲ್ಲಿ ನಿಂತರೆ ಸೋರಿಕೆ ಇದೆ. ಎರಡನೆಯದು ಹಿಸ್ಟೋಗ್ರಾಂನ ಹರವು. ಉಷ್ಣದಿಂದಾಗುವ ಸ್ವಿಚಿಂಗ್‌ನಲ್ಲಿ ಹರವು ತಾಪಮಾನದ ಮೂರನೇ ಎರಡು ಘಾತದಂತೆ ಕುಗ್ಗುತ್ತದೆ. ಸರಾಸರಿ ನಿಂತ ಮೇಲೂ ಹರವು ಕುಗ್ಗುತ್ತಿದ್ದರೆ ಎಲೆಕ್ಟ್ರಾನ್‌ಗಳು ಇನ್ನೂ ತಣ್ಣಗಾಗುತ್ತಿವೆ. ಹರವೂ ನಿಂತರೆ ಮಾತ್ರ ಅವಸರಪಟ್ಟು ತೀರ್ಪು ಕೊಡಬೇಡಿ, ಕ್ವಾಂಟಂ ಸುರಂಗ ಪ್ರವೇಶದಿಂದಲೂ ಹಾಗಾಗಬಹುದು. ಮೂರನೆಯದು ಸರಳ, ಬೇಕೆಂದೇ ಪರಿಸರ ಬದಲಿಸುವುದು. ಉಪಯೋಗವಿಲ್ಲದ ತಂತಿಗಳನ್ನು ಮೇಲೆ ಬಿಚ್ಚಿ, ಪಂಪ್ ನಿಲ್ಲಿಸಿ, ಕಂಪ್ಯೂಟರ್ ಕೇಬಲ್ ಕಳಚಿ ಬ್ಯಾಟರಿಯಲ್ಲಿ ಓದಿ. ಚಪ್ಪಟೆ ಜಾಗ ಕೆಳಗೆ ಸರಿದರೆ ಕಳ್ಳ ಸಿಕ್ಕಿದ ಹಾಗೆ.

ಹಂತ 8: ಗೊತ್ತಿರುವ ಶಾಖ ಕೊಟ್ಟು ನೋಡಿ

ಅದೇ ಹಾಳೆಯಲ್ಲಿ ದೂರದ ಎರಡು ಕಾಂಟ್ಯಾಕ್ಟ್‌ಗಳ ನಡುವೆ ಸಣ್ಣ ಕರೆಂಟ್ ಹಾಯಿಸಿದರೆ ಅದೇ ಹೀಟರ್. ಕರೆಂಟ್‌ನ ವರ್ಗವನ್ನು ರೋಧದಿಂದ ಗುಣಿಸಿದರೆ ಕೊಟ್ಟ ಶಾಖ ಗೊತ್ತಾಗುತ್ತದೆ. ಕರೆಂಟ್ ದಿಕ್ಕು ತಿರುಗಿಸಿಯೂ ಓದಿ, ಸರಾಸರಿ ತೆಗೆಯಿರಿ. ಹೀಟರ್ ಕರೆಂಟ್ ಜಂಕ್ಷನ್‌ಗೆ ಸೋರಿದರೆ ಹೀಗೆ ಬಯಲಾಗುತ್ತದೆ. ಎಲೆಕ್ಟ್ರಾನ್ ತಾಪಮಾನವನ್ನು ಶಾಖದ ಎದುರು ಲಾಗ್ ಕಾಗದದಲ್ಲಿ ಎಳೆದರೆ ದಾರಿ ಯಾವುದೆಂದು ಇಳಿಜಾರೇ ಹೇಳುತ್ತದೆ. ಶಾಖ ತಾಪಮಾನದ 2ನೇ ಘಾತದಂತೆ ಏರಿದರೆ ಚಿನ್ನದ ಕಾಲು ಅಥವಾ ಫೋಟಾನ್, 3 ಅಥವಾ 4 ಆದರೆ ಫೋನಾನ್. ಚಿನ್ನದ ಕಾಲು ಹಾಕಿದ ಸಾಧನದಲ್ಲಿ 4 ಬಂದರೆ ಕಾಲು ಸರಿಯಾಗಿ ಅಂಟಿಲ್ಲ.

ವೇಗ ಬೇಕಾದರೆ

ಸೆಕೆಂಡಿಗೆ 100 ಓದು ಸಾಲದವರು ಜಂಕ್ಷನ್ ಅನ್ನು ಮೈಕ್ರೋವೇವ್ ರೆಸೊನೇಟರ್‌ಗೆ ಜೋಡಿಸಬೇಕು. ಸ್ವಿಚ್ ಮಾಡದೆಯೇ ಓದುವ ದಾರಿ ಅದು. ಜಂಕ್ಷನ್ ಒಂದು ಇಂಡಕ್ಟರ್‌ನಂತೆ ನಡೆದುಕೊಳ್ಳುತ್ತದೆ. 1 ಮೈಕ್ರೋಆಂಪ್‌ಗೆ 0.33 ನ್ಯಾನೋಹೆನ್ರಿ, 100 ನ್ಯಾನೋಆಂಪ್‌ಗೆ 3.3. ಎಲೆಕ್ಟ್ರಾನ್ ಬಿಸಿಯಾದರೆ ಇಂಡಕ್ಟೆನ್ಸ್ ಏರುತ್ತದೆ, ಅನುರಣನದ ಆವರ್ತನ ಕೆಳಗೆ ಜಾರುತ್ತದೆ. ಪ್ರತಿ ಓದಿಗೂ 4 ಪಿಕೋವ್ಯಾಟ್ ಉಗುಳುವ ಕಾಟವಿಲ್ಲ. ಆಲ್ಟೊ ತಂಡ ಮೈಕ್ರೋಸೆಕೆಂಡ್‌ಗಿಂತ ಕಡಿಮೆ ಪ್ರತಿಕ್ರಿಯಾ ಸಮಯ ಮುಟ್ಟಿದ್ದು ರೆಸೊನೇಟರ್ ಓದಿನಿಂದಲೇ. ಓದುವ ಸಂಕೇತದ ಶಕ್ತಿಯೂ ಗ್ರಾಫೀನ್ ಅನ್ನು ಬಿಸಿ ಮಾಡುತ್ತದೆ ಎಂಬುದಷ್ಟೇ ಎಚ್ಚರ. ಶಕ್ತಿಯನ್ನು ಅರ್ಧಕ್ಕಿಳಿಸಿದಾಗ ಆವರ್ತನ ಕದಲದಂಥ ಮಟ್ಟದಲ್ಲಿ ಮಾತ್ರ ಓದಿ. ಕಡಿಮೆ ಶಬ್ದದ ಆಂಪ್ಲಿಫೈಯರ್, ಐಸೊಲೇಟರ್ ಎಲ್ಲ ಬೇಕಾಗುವುದರಿಂದ ಖರ್ಚು ಜಾಸ್ತಿ. ಸ್ವಿಚಿಂಗ್ ವಿಧಾನದಲ್ಲಿ ಕೈ ಕುದುರಿದ ಮೇಲೆ ಇದಕ್ಕೆ ಹೋಗಿ.

ಫ್ರಿಜ್ ಬೆಚ್ಚಗಾಗಿ ಮತ್ತೆ ತಣ್ಣಗಾದಾಗಲೆಲ್ಲ ಡಿರಾಕ್ ಬಿಂದು ಸ್ವಲ್ಪ ಸರಿದಿರುತ್ತದೆ, ಕಾಂಟ್ಯಾಕ್ಟ್ ರೋಧವೂ ಬದಲಾಗಿರಬಹುದು. ಹಳೆಯ ಗೆರೆಯನ್ನೇ ಬಳಸಬೇಡಿ. ಮೊದಲು ಗೇಟ್ ತಿರುಗಿಸಿ ಅದೇ ಎಲೆಕ್ಟ್ರಾನ್ ಸಾಂದ್ರತೆಗೆ ಬನ್ನಿ, ಕಾಂತಕ್ಷೇತ್ರವನ್ನು ಮತ್ತೆ ನಡುಶಿಖರಕ್ಕೆ ತನ್ನಿ, 100 ಮತ್ತು 200 ಮಿಲಿಕೆಲ್ವಿನ್ ಎರಡು ಕಡೆ ಹಿಸ್ಟೋಗ್ರಾಂ ತೆಗೆಯಿರಿ. ಎರಡೂ ಹಳೆಯ ಗೆರೆಯ ಮೇಲೆ, ಹರವಿನ ಸಮೇತ ಕೂತರೆ ಅಳತೆ ಶುರು ಮಾಡಿ. ಒಂದು ತಪ್ಪಿದರೂ ಎಲ್ಲ ಮೆಟ್ಟಿಲು ಮತ್ತೆ ಹತ್ತಬೇಕು.